ತಾಂಡೇಲನ ಮಗನಿಗೆ ಹಡಗೆಲ್ಲಿ? ಮ್ಯಾರಿಟೈಮ್ ಯೂನಿವರ್ಸಿಟಿಯ ಕುಲಪತಿಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕುಲಪತಿಗಳು,
ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿ, ಚೆನ್ನೈ

ಮಾನ್ಯರೇ,

ನಾನು ಉತ್ತರ ಕನ್ನಡ ಕರಾವಳಿಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ಹಡಗಿನಲ್ಲಿ ಒಂದು ದಿನವೂ ಕೆಲಸ ಮಾಡಿದವನಲ್ಲ. ನಿಜ ಹೇಳಬೇಕೆಂದರೆ, ಶರಾವತಿ ಅಳಿವೆಯಲ್ಲಿ ದೋಣಿ ಸ್ವಲ್ಪ ಜಾಸ್ತಿ ಓಲಾಡಿದರೂ ನನಗೆ ಹೊಟ್ಟೆ ತೊಳಸುತ್ತದೆ. ಆದರೂ ಈ ಪತ್ರ ಬರೆಯಬೇಕಾಗಿ ಬಂದಿದ್ದು ನನ್ನ ಹಾಜರಿ ಪುಸ್ತಕದ ಕಾರಣದಿಂದ.

ಆ ಪುಸ್ತಕದಲ್ಲಿ ಪ್ರತಿ ವರ್ಷ ಮೂರೋ ನಾಲ್ಕೋ ತಾಂಡೇಲರು ಇರುತ್ತಾರೆ. ನಮ್ಮಲ್ಲಿ ಅದು ಅಡ್ಡಹೆಸರು. ಮೀನುಗಾರಿಕೆ ಬೋಟಿನಲ್ಲಿ ಚುಕ್ಕಾಣಿ ಹಿಡಿದು, ಬಲೆ ಎಲ್ಲಿ ಬಿಡಬೇಕೆಂದು ಹೇಳುವವನೂ ತಾಂಡೇಲನೇ. ಆದರೆ ಈ ಶಬ್ದಕ್ಕೆ ಇನ್ನೊಂದು ಚರಿತ್ರೆಯಿದೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಬ್ರಿಟಿಷರ ಕಾಲದ ಸ್ಟೀಮರುಗಳಲ್ಲಿ ಕೆಳಗೆ ಖಲಾಸಿ, ಅವನ ಮೇಲೆ ತಾಂಡೇಲ, ತಾಂಡೇಲನ ಮೇಲೆ ಸಾರಂಗ. ಅಲ್ಲಿಗೆ ನಮ್ಮವರ ಏಣಿ ಮುಗಿಯುತ್ತಿತ್ತು. ಸಾರಂಗನ ಮೇಲೆ ಇದ್ದವರೆಲ್ಲ ಬಿಳಿಯರು. ನಮ್ಮವನು ಮೂವತ್ತು ವರ್ಷ ಸಮುದ್ರದಲ್ಲಿ ಕಳೆದಿದ್ದರೂ ಬ್ರಿಜ್ಜಿನಲ್ಲಿ ನಿಂತು ಹಡಗು ನಡೆಸುವ ಕೆಲಸ ಅವನಿಗೆ ಸಿಗುತ್ತಿರಲಿಲ್ಲ.

ನಿಮ್ಮ ಸಂಸ್ಥೆಯ ಬೇರು ಇರುವುದು ಈ ಏಣಿಯನ್ನು ಮೇಲಕ್ಕೆ ಬೆಳೆಸಬೇಕೆಂಬ ಹಠದಲ್ಲಿ. 1919ರ ಏಪ್ರಿಲ್ 5ರಂದು ಸಿಂಧಿಯಾ ಎಂಬ ದೇಶೀ ಹಡಗು ಕಂಪನಿಯ 'ಲಾಯಲ್ಟಿ' ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಅದೇ ದಿನವನ್ನು ನಾವು ಈಗ ರಾಷ್ಟ್ರೀಯ ಸಾಗರ ದಿನ ಎನ್ನುತ್ತೇವೆ. ಹಡಗಿನ ಮಾಲೀಕರು ನಮ್ಮವರಾದರು, ಸರಿ. ಅದನ್ನು ನಡೆಸುವ ಅಧಿಕಾರಿಗಳು? ಅವರನ್ನು ತಯಾರು ಮಾಡುವ ಶಾಲೆಯೇ ದೇಶದಲ್ಲಿ ಇರಲಿಲ್ಲ. 1922ರಲ್ಲಿ ಸರ್ ಪಿ. ಎಸ್. ಶಿವಸ್ವಾಮಿ ಅಯ್ಯರ್ ಕೇಂದ್ರ ಶಾಸನಸಭೆಯಲ್ಲಿ ಈ ಮಾತೆತ್ತಿದರು. ಮರುವರ್ಷ ಒಂದು ಸಮಿತಿಯಾಯಿತು. ಕೊನೆಗೆ 1927ರಲ್ಲಿ ಮುಂಬಯಿಯ ಮಜಗಾಂವ್ ಎದುರು ಲಂಗರು ಹಾಕಿದ 'ಡಫರಿನ್' ಎಂಬ ಹಳೇ ಹಡಗಿನಲ್ಲಿ ಪಾಠ ಶುರುವಾಯಿತು.

ಆ ಹಡಗು ಹುಟ್ಟಿದ್ದು ನಮ್ಮ ಮಕ್ಕಳಿಗಾಗಿ ಅಲ್ಲ. 1904ರಲ್ಲಿ ಇಂಗ್ಲೆಂಡಿನ ಬ್ಯಾರೋದಲ್ಲಿ ಕಟ್ಟಿದ್ದು, ಸೈನಿಕರನ್ನು ಸಾಗಿಸಲು. ವಯಸ್ಸಾದ ಮೇಲೆ ಅದನ್ನು ಶಾಲೆ ಮಾಡಿದರು. ನಮ್ಮೂರಿನಲ್ಲೂ ಶಾಲೆಗಳು ಹೀಗೇ ಶುರುವಾಗಿದ್ದಲ್ಲವೇ, ಯಾರದೋ ಹಳೇ ಮನೆಯ ಜಗಲಿಯಲ್ಲಿ? ಹುಡುಗರು ಮಲಗುತ್ತಿದ್ದದ್ದು ತೂಗು ಹಾಸಿಗೆಯಲ್ಲಿ. ಬೆಳಿಗ್ಗೆ ಎದ್ದು ಅದನ್ನು ಸುತ್ತಿ ಕಟ್ಟಿ, ಡೆಕ್ ತೊಳೆದು, ಆಮೇಲೆ ತ್ರಿಕೋನಮಿತಿ. ಆ ಮೊದಲ ಬ್ಯಾಚಿನಲ್ಲಿದ್ದ ರಾಮದಾಸ್ ಕಟಾರಿ 1958ರಲ್ಲಿ ಭಾರತೀಯ ನೌಕಾಪಡೆಯ ಮುಖ್ಯಸ್ಥರಾದರು. ಆ ಹುದ್ದೆಗೆ ಬಂದ ಮೊದಲ ಭಾರತೀಯ ಅವರೇ. ಮೂವತ್ತೊಂದೇ ವರ್ಷದಲ್ಲಿ ಏಣಿ ಎಷ್ಟು ಬೆಳೆಯಿತು ನೋಡಿ.

ಆಮೇಲಿನದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಇಂಜಿನಿಯರುಗಳ ತರಬೇತಿಯೂ ಕೆಲವು ಕಾಲ ಡಫರಿನ್‌ನಲ್ಲೇ ನಡೆಯಿತು. 1949ರಲ್ಲಿ ಅದಕ್ಕಾಗಿ ಬೇರೆಯೇ ವ್ಯವಸ್ಥೆ ಆಯಿತು. ಅದೇ ಡಿಎಂಇಟಿ, ಅಂದರೆ ಡೈರೆಕ್ಟರೇಟ್ ಆಫ್ ಮರೀನ್ ಇಂಜಿನಿಯರಿಂಗ್ ಟ್ರೈನಿಂಗ್. ಕೋಲ್ಕತ್ತಾದ ತಾರಾತಲಾದಲ್ಲಿರುವ ಆ ಕಾಲೇಜನ್ನು ಹಳಬರು ಈಗಲೂ ಅದೇ ಹೆಸರಿನಿಂದ ಕರೆಯುತ್ತಾರೆ. 1972ರಲ್ಲಿ ಡಫರಿನ್ ಜಾಗಕ್ಕೆ 'ರಾಜೇಂದ್ರ' ಬಂತು. 1993ರಲ್ಲಿ ರಾಜೇಂದ್ರವೂ ಹೋಗಿ, ನವಿ ಮುಂಬಯಿಯ ಕರಾವೆಯಲ್ಲಿ ನೆಲದ ಮೇಲೆಯೇ 'ಚಾಣಕ್ಯ' ಎದ್ದಿತು. ಕಟ್ಟಡವಾದರೂ ಅದರ ಹೆಸರಿನ ಹಿಂದೆ 'ಟ್ರೈನಿಂಗ್ ಶಿಪ್' ಎಂಬುದು ಉಳಿದುಕೊಂಡಿದೆ. ನನಗೆ ಇದು ಇಷ್ಟವಾಗುತ್ತದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟ ಹಾಗೆ. 2008ರಲ್ಲಿ ಸಂಸತ್ತಿನ ಕಾಯ್ದೆಯಿಂದ ನಿಮ್ಮ ವಿಶ್ವವಿದ್ಯಾಲಯ ಹುಟ್ಟಿತು. ಈ ಸರ್ಕಾರಿ ಕಾಲೇಜುಗಳೆಲ್ಲ ಅದರೊಳಗೆ ಸೇರಿದವು.

ಇಷ್ಟು ಚರಿತ್ರೆ ನಿಮಗೇ ಹೇಳಿದ್ದು ಉದ್ಧಟತನ ಅನ್ನಿಸಬಾರದು. ಕಾರಣವಿದೆ. ಡಫರಿನ್ ಕಾಲದಲ್ಲೇ ಒಂದು ಪ್ರಶ್ನೆ ಎದ್ದಿತ್ತು. ಹುಡುಗರಿಗೆ ಪಾಠ ಹೇಳಿ ಪ್ರಮಾಣಪತ್ರ ಕೊಡಬಹುದು. ಅವರನ್ನು ಹಡಗಿಗೆ ಹತ್ತಿಸಿಕೊಳ್ಳುವವರು ಯಾರು? ಬ್ರಿಟಿಷ್ ಕಂಪನಿಗಳಿಗೆ ಭಾರತೀಯ ಅಧಿಕಾರಿ ಬೇಡವಾಗಿದ್ದ. ಸಿಂಧಿಯಾದಂಥ ದೇಶೀ ಕಂಪನಿ ಇದ್ದದ್ದರಿಂದ ಆ ಹುಡುಗರಿಗೆ ದಾರಿಯಾಯಿತು. ಈಗ ನಾನು ನಿಮ್ಮ ಮುಂದೆ ಇಡುತ್ತಿರುವುದೂ ಅದೇ ಪ್ರಶ್ನೆ. ನೂರು ವರ್ಷ ತುಂಬುತ್ತ ಬಂತು, ಪ್ರಶ್ನೆ ಹಾಗೇ ಇದೆ.

ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ಹುಡುಗನ ಹೆಸರು, ಊರು ಬೇಡ. ಅಪ್ಪ ಬೋಟಿನ ತಾಂಡೇಲ, ಅಮ್ಮ ಬಂದರಿನಲ್ಲಿ ಮೀನು ಆರಿಸುವ ಕೆಲಸದವಳು. ಹುಡುಗ ಗಣಿತದಲ್ಲಿ ಜೋರು. ಪಿಯುಸಿ ಮುಗಿಸಿ, ಕಡಲಿನ ಕೋರ್ಸು ನಡೆಸುವ ಒಂದು ಖಾಸಗಿ ಸಂಸ್ಥೆ ಸೇರಿದ. ಬಂಗಾರ ಸೊಸೈಟಿಯಲ್ಲಿ ಅಡವು ಬಿತ್ತು. ಅದು ಸಾಲದೆ ಬೋಟಿನ ಮಾಲೀಕರಿಂದ ಮುಂಗಡ. ಹೊರಡುವ ದಿನ ಬಿಳಿ ಸಮವಸ್ತ್ರ ಹಾಕಿ, ಭುಜದ ಪಟ್ಟಿ ಸರಿಮಾಡಿಕೊಳ್ಳುತ್ತ ನಮ್ಮ ಸ್ಟಾಫ್ ರೂಮಿಗೆ ಬಂದಿದ್ದ. ಎಲ್ಲರಿಗೂ ಮೈಸೂರ್ ಪಾಕ್ ಹಂಚಿದ.

ಕೋರ್ಸು ಮುಗಿಯಿತು. ಹಡಗು ಸಿಗಲಿಲ್ಲ. ಕಾಲೇಜನ್ನು ಕೇಳಿದರೆ 'ಪ್ರಯತ್ನ ನಡೀತಿದೆ' ಎಂಬ ಉತ್ತರ. ಹದಿನಾಲ್ಕು ತಿಂಗಳು ಹುಡುಗ ಮನೆಯಲ್ಲಿ ಕೂತ. ಆಮೇಲೆ ಒಬ್ಬ ಏಜೆಂಟು ಬಂದ, ಮೂರು ಲಕ್ಷ ಎಪ್ಪತ್ತು ಸಾವಿರಕ್ಕೆ ಹಡಗು ಕೊಡಿಸುತ್ತೇನೆ ಎಂದ. ದುಡ್ಡು ಹೋಯಿತು, ಏಜೆಂಟನ ಫೋನು ಸ್ವಿಚ್ ಆಫ್ ಆಯಿತು. ಈಗ ಆ ಹುಡುಗ ಅಪ್ಪನ ಜೊತೆಗೇ ಬೋಟಿಗೆ ಹೋಗುತ್ತಾನೆ. ಭುಜದ ಪಟ್ಟಿ ದೇವರ ಕೋಣೆಯ ಗೂಡಿನಲ್ಲಿದೆ, ನಾನೇ ನೋಡಿದ್ದೇನೆ. ಅವನ ಅಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮಾಸ್ತರೇ, ಪಾಸಾದ್ರೂ ಹಡಗು ಸಿಗೂದಿಲ್ಲ ಅಂತ ಮೊದ್ಲೇ ಯಾರಾದ್ರೂ ಹೇಳ್ಬೇಕಿತ್ತಲ್ಲ" ಎಂದಷ್ಟೇ ಹೇಳಿದರು.

ಹೇಳಬೇಕಾದವನು ನಾನೇ. ನನಗೇ ಗೊತ್ತಿರಲಿಲ್ಲ. ವೈದ್ಯನಾಗುವವನಿಗೆ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಓದಿನ ಭಾಗವೇ ಆಗಿರುತ್ತದೆ, ಕಾಲೇಜೇ ಮಾಡಿಸುತ್ತದೆ. ಹಡಗಿನ ಓದೂ ಹಾಗೇ ಎಂದುಕೊಂಡಿದ್ದೆ. ಹಾಗಿಲ್ಲ. ಮೂರು ವರ್ಷದ ಬಿಎಸ್ಸಿ ನಾಟಿಕಲ್ ಸೈನ್ಸ್, ಅಂದರೆ ಹಡಗು ನಡೆಸುವ ಓದು, ಮುಗಿಸಿದವನು ಒಂದು ವರ್ಷ ಸಮುದ್ರದಲ್ಲಿ ಕೇಡೆಟ್ ಆಗಿ ದುಡಿದರೆ ಮಾತ್ರ ಅಧಿಕಾರಿಯಾಗುವ ಮೊದಲ ಮೆಟ್ಟಿಲಾದ ಸೆಕೆಂಡ್ ಮೇಟ್ ಪರೀಕ್ಷೆಗೆ ಕೂರಬಹುದು. ಒಂದು ವರ್ಷದ ಡಿಪ್ಲೊಮಾ ಮಾಡಿದವನಿಗೆ ಹದಿನೆಂಟು ತಿಂಗಳು ಬೇಕು. ನಾಲ್ಕು ವರ್ಷ ಮರೀನ್ ಇಂಜಿನಿಯರಿಂಗ್ ಓದಿದವನಿಗೆ ಆರು ತಿಂಗಳು. ಈ ತಿಂಗಳುಗಳು ಸಿಗದಿದ್ದರೆ ಪದವಿ ಪತ್ರದಿಂದ ಹಡಗಿನ ಅಧಿಕಾರಿಯಾಗಲು ಆಗುವುದಿಲ್ಲ. ಆದರೆ ಆ ತಿಂಗಳುಗಳನ್ನು ಕೊಡಿಸುವ ಹೊಣೆ ಸೀಟಿನ ಜೊತೆ ಬರುವುದಿಲ್ಲ.

ಖಾಸಗಿ ಸಂಸ್ಥೆಯ ಕಥೆ ನಮಗ್ಯಾಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇದು. ಸರ್ಕಾರಿ ಕಾಲೇಜು ಗಟ್ಟಿಯಾಗಿ ನಿಂತ ಕಡೆ ಉಳಿದವರೂ ಸ್ವಲ್ಪ ಹೆದರಿ ನಡೆಯುತ್ತಾರೆ. ಅದು ಸಡಿಲವಾದರೆ ಏಜೆಂಟನಿಗೆ ಹಬ್ಬ. ನಿಮ್ಮ ಕ್ಯಾಂಪಸ್ಸುಗಳಲ್ಲಿ ಕಂಪನಿಗಳು ಬಂದು ಹುಡುಗರನ್ನು ಆರಿಸಿಕೊಳ್ಳುತ್ತವೆ, ನಿಜ. ಉಳಿದವರ ಕಥೆ ಏನು? ಹೋದ ವರ್ಷ ಹೊರಬಂದ ಬ್ಯಾಚಿನಲ್ಲಿ ಇಷ್ಟು ಮಂದಿ ಹಡಗು ಹತ್ತಿದರು, ಇಷ್ಟು ಮಂದಿ ಕಾಯುತ್ತಿದ್ದಾರೆ ಎಂದು ಕ್ಯಾಂಪಸ್‌ವಾರು ಲೆಕ್ಕ ಪ್ರವೇಶದ ಅರ್ಜಿಯ ಮೊದಲ ಪುಟದಲ್ಲೇ ಅಚ್ಚಾಗಲಿ. ಎರಡು ಅಂಕಿ ಸಾಕು. ಆ ತಾಂಡೇಲ ಕೇಳಿದ್ದು ಅಷ್ಟನ್ನೇ.

ಹಡಗಿನ ಜಾಗ ಎಲ್ಲಿಂದ ತರುವುದು ಎಂಬುದಕ್ಕೂ ದಾರಿ ಇಲ್ಲದಿಲ್ಲ. 2004ರಿಂದ ನಮ್ಮ ಹಡಗು ಕಂಪನಿಗಳಿಗೆ ಟನೇಜ್ ಟ್ಯಾಕ್ಸ್ ಎಂಬ ಸವಲತ್ತು ಇದೆ. ಲಾಭದ ಮೇಲೆ ಮಾಮೂಲಿ ತೆರಿಗೆಯ ಬದಲು ಹಡಗಿನ ಗಾತ್ರ ನೋಡಿ ಸಣ್ಣ ತೆರಿಗೆ. ಅದಕ್ಕೆ ಪ್ರತಿಯಾಗಿ ಹತ್ತು ಅಧಿಕಾರಿಗಳಿಗೆ ಒಬ್ಬರಂತೆ ಹೊಸಬರಿಗೆ ತರಬೇತಿ ಕೊಡಬೇಕು ಎಂಬ ಷರತ್ತು. ಅಂದರೆ ಜನರ ತೆರಿಗೆಯಲ್ಲಿ ಬಿಟ್ಟುಕೊಟ್ಟ ಹಣದಿಂದಲೇ ಆ ತರಬೇತಿ ಜಾಗಗಳು ಹುಟ್ಟುತ್ತಿವೆ. ಅದರಲ್ಲಿ ಒಂದು ಪಾಲನ್ನು ಸರ್ಕಾರಿ ಕಾಲೇಜಿನ ಮಕ್ಕಳಿಗೆ, ಅದರಲ್ಲೂ ಬಡವರ ಮಕ್ಕಳಿಗೆ ಮೀಸಲಿಡಿ ಎಂದು ನೀವು ಹಡಗು ಮಂತ್ರಾಲಯದ ಮುಂದೆ ಗಟ್ಟಿಯಾಗಿ ಕೂತು ಕೇಳಬಹುದು. ನಾನು ಕೇಳಿದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ.

ಎರಡನೇ ಮಾತು ದುಡ್ಡಿನದು. ನಿಮ್ಮ ಕೋರ್ಸುಗಳ ಫೀ ವರ್ಷಕ್ಕೆ ಎರಡು ಲಕ್ಷದ ಮೇಲಿದೆ. ಬಿಎಸ್ಸಿಗೆ ಮೂರು ವರ್ಷ ಎಂದರೆ ಆರು ಲಕ್ಷ ದಾಟಿತು. ಖಾಸಗಿಯವರಿಗಿಂತ ಕಡಿಮೆ ಎನ್ನುತ್ತೀರಿ, ಒಪ್ಪುತ್ತೇನೆ. ಸಿಮ್ಯುಲೇಟರು, ವರ್ಕ್‌ಶಾಪು, ಹಾಸ್ಟೆಲು, ಯಾವುದೂ ಪುಕ್ಕಟೆ ಬರುವುದಿಲ್ಲ, ಅದೂ ಗೊತ್ತು. ಆದರೆ ಮೀನುಗಾರರ ಮನೆಯ ಲೆಕ್ಕ ಬೇರೆ. ಮಳೆಗಾಲದಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆ ಎರಡು ತಿಂಗಳು ಕೈಯಲ್ಲಿ ಕಾಸಿರುವುದಿಲ್ಲ. ನಿಮ್ಮ ಫೀ ಕಟ್ಟುವ ಹೊತ್ತು ಬರುವುದೂ ಸರಿಯಾಗಿ ಆ ದಿನಗಳ ಆಸುಪಾಸಿನಲ್ಲೇ! ಬ್ಯಾಂಕಿಗೆ ಹೋದರೆ ಜಾಮೀನು ಕೇಳುತ್ತಾರೆ. ಇವರಿಗಿರುವ ಆಸ್ತಿ ಎಂದರೆ ಸೀಮೆ ಹಂಚಿನ ಒಂದು ಮನೆ, ಅದರ ಪಟ್ಟಾ ಕೂಡ ಎಷ್ಟೋ ಕಡೆ ಆಗಿಲ್ಲ. ಮೀನುಗಾರ ಕುಟುಂಬದ ಮಕ್ಕಳಿಗೆ ಫೀಯಲ್ಲಿ ವಿನಾಯಿತಿ ಕೊಡಿ. ಅದಾಗದಿದ್ದರೆ ಹಡಗು ಹತ್ತಿ ಸಂಬಳ ಬಂದ ಮೇಲೆ ಕಟ್ಟುವಂತೆ ಏರ್ಪಾಡು ಮಾಡಿ.

ಕಣ್ಣಿನ ವಿಷಯ ಹೇಳದಿದ್ದರೆ ನನಗೆ ಸಮಾಧಾನವಾಗುವುದಿಲ್ಲ. ಆರು ವರ್ಷದ ಹಿಂದೆ ನನ್ನ ಇನ್ನೊಬ್ಬ ವಿದ್ಯಾರ್ಥಿ ನಿಮ್ಮ ಪ್ರವೇಶ ಪರೀಕ್ಷೆ ಪಾಸಾದ. ಇಡೀ ಕೇರಿಗೆ ಸಂಭ್ರಮ. ಮೆಡಿಕಲ್ ಪರೀಕ್ಷೆಗೆ ಹೋದ. ಚುಕ್ಕಿ ಚುಕ್ಕಿಯ ಬಣ್ಣದ ವೃತ್ತ ತೋರಿಸಿ, ಒಳಗಿರುವ ಅಂಕಿ ಓದು ಎಂದರಂತೆ. ಇವನಿಗೆ ಅಂಕಿಯೇ ಕಾಣಲಿಲ್ಲ. ಚಿಕ್ಕಂದಿನಿಂದ ಅಪ್ಪನ ಬೋಟಿನಲ್ಲಿ ಓಡಾಡಿದ ಹುಡುಗ ಅವನು. ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು ಎಂದು ನಿದ್ದೆಯಲ್ಲೂ ಹೇಳುತ್ತಿದ್ದ. ಯಾವ ಕಡೆ ಯಾವ ದೀಪ ಎಂದು ಬಾಯಿಪಾಠವಾಗಿದ್ದರಿಂದ, ತನಗೆ ಎರಡೂ ಒಂದೇ ಥರ ಕಾಣುತ್ತಿವೆ ಎಂಬುದು ಅವನಿಗೇ ಗೊತ್ತಾಗಿರಲಿಲ್ಲ. ರಾತ್ರಿ ಎದುರಿನ ಹಡಗಿನ ದೀಪದ ಬಣ್ಣ ನೋಡಿಯೇ ಅದು ಎತ್ತ ಹೊರಟಿದೆ ಎಂದು ತಿಳಿಯಬೇಕು. ಹಾಗಾಗಿ ನಿಯಮ ಸರಿಯಾಗಿಯೇ ಇದೆ, ಅದರ ಮೇಲೆ ನನ್ನ ದೂರಿಲ್ಲ. ಆದರೆ ಎರಡು ವರ್ಷದ ಕನಸು, ಕೋಚಿಂಗ್ ದುಡ್ಡು, ಓಡಾಟ ಎಲ್ಲ ಮುಗಿದ ಮೇಲೆ ಇದು ತಿಳಿಯಬೇಕಿತ್ತೇ? ಐದು ನಿಮಿಷದ ಪರೀಕ್ಷೆ ಅದು.

ಆ ವರ್ಷವೇ ಕುಮಟೆಯಲ್ಲಿರುವ ಪರಿಚಯದ ಕಣ್ಣಿನ ಡಾಕ್ಟರರಿಂದ ಆ ಬಣ್ಣದ ಚಿತ್ರಗಳ ಪುಸ್ತಕ ತಂದೆ. ಈಗ ಅದು ನಮ್ಮ ಲ್ಯಾಬಿನ ಕಪಾಟಿನಲ್ಲಿ, ಲೆನ್ಸುಗಳ ಡಬ್ಬದ ಪಕ್ಕದಲ್ಲಿದೆ. ಮೊದಲ ವರ್ಷದ ಪಿಯುಸಿಗೆ ಸೇರಿದ ಮಕ್ಕಳಲ್ಲಿ ಹಡಗಿನ ಆಸೆ ಇರುವವರನ್ನು ಕರೆದು, ಕಿಟಕಿ ಹತ್ತಿರ ನಿಲ್ಲಿಸಿ ಓದಿಸುತ್ತೇನೆ. ಇದು ಡಾಕ್ಟರರ ಪರೀಕ್ಷೆಗೆ ಸಮ ಅಲ್ಲ, ಅನುಮಾನ ಬಂದರೆ ಕುಮಟೆಗೆ ಕಳಿಸುತ್ತೇನೆ. ಒಬ್ಬ ಮಾಸ್ತರು ಒಂದು ಪುಸ್ತಕ ಇಟ್ಟುಕೊಂಡು ಇಷ್ಟು ಮಾಡಬಹುದಾದರೆ, ನಿಮ್ಮ ಸಂಸ್ಥೆ ವರ್ಷಕ್ಕೊಮ್ಮೆ ಕಾರವಾರದಿಂದ ಮಂಗಳೂರಿನವರೆಗೆ ಒಂದು ಸುತ್ತು ಬರಲಾಗದೇ? ಮೂರು ಊರು ಸಾಕು: ಕಾರವಾರ, ಕುಂದಾಪುರ, ಮಂಗಳೂರು. ನವೆಂಬರಿನಲ್ಲಿ ಬನ್ನಿ, ಅರ್ಜಿ ಕರೆಯುವುದಕ್ಕೆ ಮೊದಲು. ಕನ್ನಡ ಮಾತಾಡುವ ಒಬ್ಬ ಕ್ಯಾಪ್ಟನ್ನರನ್ನೋ ಚೀಫ್ ಇಂಜಿನಿಯರರನ್ನೋ ಜೊತೆಗೆ ಕರೆತನ್ನಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ ಶೇ. 60 ಬೇಕು, ಇಂಗ್ಲಿಷಿನಲ್ಲಿ ಎಸ್ಸೆಸ್ಸೆಲ್ಸಿಯಲ್ಲೋ ಪಿಯುಸಿಯಲ್ಲೋ ಶೇ. 50 ಬೇಕು ಎಂಬುದೇ ಎಷ್ಟೋ ಮಕ್ಕಳಿಗೆ ಗೊತ್ತಾಗುವುದು ರಿಸಲ್ಟ್ ಬಂದ ಮೇಲೆ. ಏಜೆಂಟನಿಗೆ ಲೈಸೆನ್ಸ್ ಇದೆಯೋ ಇಲ್ಲವೋ ಎಂದು ಹಡಗು ಮಹಾನಿರ್ದೇಶನಾಲಯದ ಪಟ್ಟಿಯಲ್ಲಿ ನೋಡಬಹುದು ಎಂಬುದೂ ಅಷ್ಟೇ. ಇದನ್ನೆಲ್ಲ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಟ್ಟರೆ ನಾನೇ ನಮ್ಮ ತಾಲ್ಲೂಕಿನ ಕಾಲೇಜುಗಳಿಗೆಲ್ಲ ಹಂಚುತ್ತೇನೆ.

ಹೋದ ವರ್ಷ ಒಬ್ಬ ಹುಡುಗಿ ಕ್ಲಾಸು ಮುಗಿದ ಮೇಲೆ ಹಿಂದೆಯೇ ಬಂದಳು. "ಸರ್, ಹುಡುಗಿಯರನ್ನ ತಗೋತಾರಾ?" ಎಂದು ಮೆಲ್ಲಗೆ ಕೇಳಿದಳು, ಯಾರಾದರೂ ಕೇಳಿಸಿಕೊಂಡಾರು ಎಂಬ ಹಾಗೆ. ತಾರಾತಲಾದ ಕಾಲೇಜಿನಲ್ಲಿ ಓದಿ 1999ರಲ್ಲಿ ದೇಶದ ಮೊದಲ ಮಹಿಳಾ ಮರೀನ್ ಇಂಜಿನಿಯರ್ ಆದ ಸೋನಾಲಿ ಬ್ಯಾನರ್ಜಿಯವರ ಬಗ್ಗೆ ಹೇಳಿದೆ. ಅವರು ಸೇರಿದಾಗ ಅಷ್ಟು ದೊಡ್ಡ ಕಾಲೇಜಿನಲ್ಲಿ ಒಬ್ಬರೇ ಹುಡುಗಿ. ಹಾಸ್ಟೆಲಿನಲ್ಲಿ ಎಲ್ಲಿ ಇರಿಸುವುದು ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು. ಹುಡುಗಿ ಕಣ್ಣರಳಿಸಿ ಕೇಳಿದಳು. ಆಮೇಲೆ, "ಹಡಗು ಸಿಗತ್ತಾ ಸರ್?" ಎಂದಳು. ಬೋಟಿಗೆ ಹೋಗುವ ಹುಡುಗನ ಕಥೆ ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು.

ಕೊನೆಯದಾಗಿ ಜಾಗದ ಮಾತು. ಚೆನ್ನೈ, ಕೊಚ್ಚಿ, ಕೋಲ್ಕತ್ತಾ, ವಿಶಾಖಪಟ್ಟಣ, ಮುಂಬಯಿ, ನವಿ ಮುಂಬಯಿ. ನಿಮ್ಮ ಕ್ಯಾಂಪಸ್ಸುಗಳಿರುವುದು ಇಲ್ಲೆಲ್ಲ. ಮುನ್ನೂರು ಕಿಲೋಮೀಟರ್ ದಾಟುವ ಕರ್ನಾಟಕದ ಕರಾವಳಿಯಲ್ಲಿ ಒಂದೂ ಇಲ್ಲ. ಇಲ್ಲಿ 1974ರಿಂದ ನವಮಂಗಳೂರು ಬಂದರಿದೆ. ಕಾರವಾರದಲ್ಲಿ ಕದಂಬ ನೌಕಾನೆಲೆ ಇದೆ. ನೌಕಾನೆಲೆಗಾಗಿ ನಮ್ಮ ಜನ ಊರುಗಳನ್ನೇ ಬಿಟ್ಟುಕೊಟ್ಟಿದ್ದಾರೆ. ಪ್ರವಾಸಿ ಇಬ್ನ್ ಬತೂತ ಹದಿನಾಲ್ಕನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದು ಇಲ್ಲಿನ ಹಡಗುಗಳ ಬಗ್ಗೆ ಬರೆದಿದ್ದಾನೆ. ಅದಕ್ಕಾಗಿ ಈಗ ಕಾಲೇಜು ಕೊಡಿ ಎಂದು ಕೇಳುವಷ್ಟು ದಡ್ಡ ನಾನಲ್ಲ. ಆದರೆ ಮುಂಬಯಿಗೋ ಚೆನ್ನೈಗೋ ಮಗನನ್ನು ಕಳಿಸುವಾಗ ಅಲ್ಲಿನ ಖರ್ಚು, ಭಾಷೆ, ಗೊತ್ತಿಲ್ಲದ ಊರು ಎಂದು ಹಿಂಜರಿಯುವ ಅಪ್ಪಂದಿರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಕಟ್ಟಡ ಕಟ್ಟಿಸಲು ಹತ್ತು ವರ್ಷ ಬೇಡ. ಡಫರಿನ್ ಶುರುವಾಗಿದ್ದು ಹಳೇ ಹಡಗಿನಲ್ಲಿ. ಮಂಗಳೂರಿನಲ್ಲಿ ಬಂದರಿನವರ ಜೊತೆ ಮಾತಾಡಿ, ಅಲ್ಲೇ ಒಂದು ಕಡೆ ಒಂದು ವರ್ಷದ ಡಿಪ್ಲೊಮಾ ತರಗತಿಯೊಂದನ್ನು ಆರಂಭಿಸಿ. ರಾಜ್ಯ ಸರ್ಕಾರಕ್ಕೂ ಈ ಪತ್ರದ ಪ್ರತಿ ಕಳಿಸುತ್ತಿದ್ದೇನೆ. ಜಾಗ ಕೊಡಬೇಕಾದವರು ಅವರು. 'ಕೇಂದ್ರ ಕೇಳಲಿಲ್ಲ' ಎಂದು ಅವರೂ, 'ರಾಜ್ಯ ಕೊಡಲಿಲ್ಲ' ಎಂದು ನೀವೂ ಹೇಳುವ ಆಟ ಈ ಒಂದು ಸಲ ಬೇಡ.

ಜಗತ್ತಿನ ಹಡಗುಗಳಲ್ಲಿ ದುಡಿಯುವವರಲ್ಲಿ ನೂರಕ್ಕೆ ಹತ್ತು ಮಂದಿಯಾದರೂ ಭಾರತೀಯರು ಎಂದು ಸರ್ಕಾರ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಇನ್ನೂ ಹೆಚ್ಚಿಸುತ್ತೇವೆ ಎನ್ನುತ್ತದೆ. ಹೆಚ್ಚಿಸಿ. ಅದರಲ್ಲಿ ನಮ್ಮ ಕರಾವಳಿಯವರು ಖಲಾಸಿ ಎಷ್ಟು, ಅಧಿಕಾರಿ ಎಷ್ಟು ಎಂಬ ಲೆಕ್ಕವನ್ನೂ ಒಮ್ಮೆ ತೆಗೆಸಿ ನೋಡಿ.

ಈ ವರ್ಷ ನನ್ನ ಹಾಜರಿ ಪುಸ್ತಕದಲ್ಲಿ ನಾಲ್ಕು ಮಂದಿ ತಾಂಡೇಲರಿದ್ದಾರೆ. ಅವರಲ್ಲಿ ಇಬ್ಬರಿಗೆ ಹಡಗಿನ ಆಸೆ. ಇಬ್ಬರೂ ಬಣ್ಣದ ಪುಸ್ತಕ ಸರಿಯಾಗಿ ಓದಿದ್ದಾರೆ. ಹೋದ ವರ್ಷದ ಆ ಹುಡುಗಿಯೂ ಅರ್ಜಿ ಹಾಕುವವಳಿದ್ದಾಳೆ. ಮೂವರ ಮನೆಯವರೂ ನನ್ನನ್ನು ಕೇಳುತ್ತಿರುವುದು ಒಂದೇ: ಕಳಿಸಬಹುದಾ, ಮಾಸ್ತರೇ? ಅರ್ಜಿ ಕರೆಯುವುದರೊಳಗೆ ನಿಮ್ಮ ಉತ್ತರ ಬಂದರೆ ಅದನ್ನೇ ಅವರಿಗೆ ಓದಿ ಹೇಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಪಿಯು ಉಪನ್ಯಾಸಕ
ಹೊನ್ನಾವರ ತಾಲ್ಲೂಕು, ಉತ್ತರ ಕನ್ನಡ